ಇರುಳ ಹಿತ್ತಿಲು: ಒಂದು ಸಂವಾದ

ಶಿರಸಿ ಸೀಮೆಯ ಒಂದು ಅಡಿಕೆತೋಟದ ಮನೆ. ಮನೆಯ ಹಿಂದೆ ಹಿತ್ತಿಲು, ಹಿತ್ತಿಲನ್ನು ಇಳಿದರೆ ತೋಟ, ತೋಟದ ಮೇಲಂಚಿನಿಂದಾಚೆಗೆ ಸೊಪ್ಪಿನಬೆಟ್ಟ. ಮಾತನಾಡುವವರು ಇಬ್ಬರು: ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾಗಿದ್ದು ಈಗ ವಿಶ್ರಾಂತರಾಗಿರುವ ದೊಡ್ಡಪ್ಪ, ಮತ್ತು ಅವರ ತಮ್ಮನ ಮಗಳು.

ದೊಡ್ಡಪ್ಪ: ಹಲಸಿನ ಮರದ ಬುಡಕ್ಕೆ ನೀನು ಬಿಗಿದಿರುವ ಆ ಹಸುರು ಪೆಟ್ಟಿಗೆಯನ್ನು ಬರುತ್ತ ಹೋಗುತ್ತ ನೋಡುತ್ತಲೇ ಇದ್ದೇನೆ, ಮಗಳೇ. ಇರುಳಿನಲ್ಲಿ ಎದುರಿಗೆ ಹಾದುಹೋದ ಪ್ರಾಣಿಗಳ ಚಿತ್ರವನ್ನು ಅದು ತಾನಾಗಿಯೇ ತೆಗೆದಿಡುತ್ತದೆಂದು ನಿನ್ನ ದೊಡ್ಡಮ್ಮ ಹೇಳಿದಳು. ಈ ಹಿತ್ತಿಲಿನಲ್ಲಿಯೇ ಹುಟ್ಟಿ ಬೆಳೆದು, ಕೆಸರಿನ ಮೇಲಿನ ಹೆಜ್ಜೆಯನ್ನೂ, ಕಚ್ಚಿ ಬಿಟ್ಟ ಹಣ್ಣಿನ ಸಿಪ್ಪೆಯನ್ನೂ, ಬಂಡೆಯ ಮೇಲೆ ಬೈನೆ ಬೀಜ ತುಂಬಿ ಬಿದ್ದಿರುವ ಹಿಕ್ಕೆಯನ್ನೂ ಕಂಡು ಇಂಥದು ಬಂದುಹೋಗಿದೆಯೆಂದು ಹೇಳಬಲ್ಲ ನನ್ನಂಥವನಿಗೆ ಈ ಯಂತ್ರವು ಹೊಸದಾಗಿ ತಿಳಿಸಬಹುದಾದದ್ದು ಏನಿದೆ ಎಂಬುದೇ ನನ್ನ ಪ್ರಶ್ನೆ.

ಮಗಳು: ನೀವು ಬಲ್ಲಿರೆಂಬುದರಲ್ಲಿ ನನಗೆ ಸಂದೇಹವಿಲ್ಲ, ದೊಡ್ಡಪ್ಪ. ಆದರೆ ಕಳೆದ ಚಳಿಗಾಲದಲ್ಲಿ ಗೆಣಸಿನ ಮಡಿಯನ್ನು ಯಾವುದೋ ಪ್ರಾಣಿ ರಾತ್ರೋರಾತ್ರಿ ಅಗೆದುಹಾಕಿದಾಗ ನಡೆದ ಮಾತುಕತೆಯನ್ನು ನೆನೆದುಕೊಳ್ಳಿ. ಕಾಡುಹಂದಿಯ ಕೆಲಸವೆಂದು ಒಬ್ಬರು ಹೇಳಿದ್ದೇ ತಡ, ಕೇರಿಯೆಲ್ಲ ಅದನ್ನೇ ಹೇಳಿತು. ಬೇಲಿಯ ಕಂಡಿಗೆ ತಂತಿಯ ಉರುಲು ಕಟ್ಟಬೇಕೆಂಬಲ್ಲಿಯವರೆಗೆ ಮಾತು ಬೆಳೆಯಿತು. ಹಂದಿಯಾದರೆ ಮೂತಿಯಿಂದ ನೆಲವನ್ನು ಉತ್ತುಹೋಗುತ್ತದೆ, ಇಲ್ಲಿ ಕಾಣುತ್ತಿರುವುದು ಉಗುರಿನಿಂದ ತೋಡಿದ ಗುಳಿ, ಆದ್ದರಿಂದ ಇದು ಮುಳ್ಳುಹಂದಿಯೇ ಎಂದು ನೀವೊಬ್ಬರೇ ಹೇಳಿದಿರಿ. ಆ ಮಾತನ್ನು ಎಷ್ಟು ಜನ ಒಪ್ಪಿದರು?

ದೊಡ್ಡಪ್ಪ: ಒಬ್ಬರೂ ಒಪ್ಪಲಿಲ್ಲ, ಒಪ್ಪಲಿಲ್ಲವೆಂದು ನಾನು ಅವರನ್ನು ದೂರುವುದೂ ಇಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬೇಕಾದರೆ ಹೊಗೆಗೂ ಬೆಂಕಿಗೂ ಇರುವ ನಿಯತವಾದ ಸಂಬಂಧವನ್ನು ಮೊದಲೇ ತಿಳಿದಿರಬೇಕು. ತಿಳಿಯದವನಿಗೆ ಹೊಗೆ ಬರಿಯ ಹೊಗೆ. ಗುರುತನ್ನು ಓದುವ ಅಭ್ಯಾಸ ಊರಿನಿಂದ ತಪ್ಪಿಹೋದ ಮೇಲೆ ನನ್ನ ಅನುಮಾನಪ್ರಮಾಣವು ಉಳಿದವರ ಪಾಲಿಗೆ ವಯಸ್ಸಾದವನೊಬ್ಬನ ಅಭಿಪ್ರಾಯವಾಗಿ ಮಾತ್ರ ಉಳಿಯಿತು.

ಮಗಳು: ಆ ಸಮಯದಲ್ಲಿಯೇ ನಾನು ಈ ಪೆಟ್ಟಿಗೆಯನ್ನು ಮಡಿಯ ಪಕ್ಕದ ಗೂಟಕ್ಕೆ ಕಟ್ಟಿದ್ದು. ಅದು ತೆಗೆದ ಚಲನಚಿತ್ರದ ತುಣುಕನ್ನು ನೀವು ಇನ್ನೂ ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಎರಡು ಮುಳ್ಳುಹಂದಿಗಳು, ಒಂದರ ಹಿಂದೆ ಇನ್ನೊಂದು, ಬೇಲಿಯ ಕಂಡಿಯಿಂದಲ್ಲ, ಅಗಳದ ಕಡೆ ಬೇಲಿಯ ಅಡಿಯ ಮಣ್ಣನ್ನು ತೋಡಿಕೊಂಡು ಒಳಗೆ ಬಂದವು. ಮುಂದಿನದು ಮೂಗನ್ನು ನೆಲಕ್ಕೆ ತಾಗಿಸುತ್ತ ಮಡಿಯ ಉದ್ದಕ್ಕೂ ಸಾಗಿ ಒಂದೆಡೆ ನಿಂತು, ಮುಂಗಾಲಿನಿಂದ ಮಣ್ಣನ್ನು ಬಗೆದು, ಗೆಣಸನ್ನು ಹಲ್ಲಿನಿಂದ ಕಿತ್ತೆಳೆದು, ಎರಡು ಮುಂಗಾಲುಗಳ ನಡುವೆ ಅದನ್ನು ಒತ್ತಿ ಹಿಡಿದು ಕಟಕಟನೆ ತಿನ್ನತೊಡಗಿತು. ಅಷ್ಟರಲ್ಲಿ ಎಲ್ಲಿಯೋ ನಾಯಿ ಬೊಗಳಿತು. ಒಡನೆ ಎರಡೂ ಬೆನ್ನಿನ ಕಪ್ಪು ಬಿಳುಪು ಪಟ್ಟೆಯ ಮುಳ್ಳುಗಳನ್ನು ನಿಮಿರಿಸಿ ಬಾಲವನ್ನು ಅದುರಿಸಿದವು. ಬಾಲದ ತುದಿಯ ಬಿಳಿಯ ಟೊಳ್ಳು ಮುಳ್ಳುಗಳು ಒಂದಕ್ಕೊಂದು ತಾಕಿ ಗಲಗಲನೆ ಸದ್ದಾಯಿತು. ಸದ್ದು ನಿಂತ ಮೇಲೆ ಮತ್ತೆ ಅದೇ ಕಟಕಟ.

ದೊಡ್ಡಪ್ಪ: ಬಾಲದ ಆ ಸದ್ದನ್ನು ನಾನು ಅನೇಕ ಸಲ ಕೇಳಿದ್ದೇನೆ, ಸದ್ದು ಮಾಡುವುದನ್ನು ಮಾತ್ರ ಎಂದೂ ಕಂಡವನಲ್ಲ. ಅದು ಮುಳ್ಳನ್ನು ಬಾಣವಾಗಿ ಎಸೆಯುತ್ತದೆಂದು ನಮ್ಮ ಕಾಲದಲ್ಲಿ ಹಿರಿಯರು ಹೇಳುತ್ತಿದ್ದುದುಂಟು.

ಮಗಳು: ಎಸೆಯುವುದಿಲ್ಲ. ಬೆದರಿದಾಗ ಅದು ಬೆನ್ನು ತಿರುಗಿಸಿ ಹಿಂದುಹಿಂದಾಗಿ ನುಗ್ಗುತ್ತದೆ; ಸಡಿಲವಾಗಿರುವ ಮುಳ್ಳುಗಳು ಎದುರಾಳಿಯ ಮೈಯಲ್ಲಿ ನೆಟ್ಟು ಅಲ್ಲಿಯೇ ಉಳಿದುಬಿಡುತ್ತವೆ. ಆ ತುಣುಕನ್ನು ನೆರೆಯವರಿಗೆ ತೋರಿಸಿದ ಮೇಲೆ ಉರುಲಿನ ಮಾತು ಅಲ್ಲಿಗೇ ನಿಂತಿತು. ಮಡಿಯ ಸುತ್ತ ತಂತಿಯ ಬಲೆಯನ್ನು ಅಡಿಯಷ್ಟು ಆಳಕ್ಕೆ ಹೂತು ನಿಲ್ಲಿಸಿದೆವು; ಗೆಣಸು ಉಳಿಯಿತು. ಇಷ್ಟೇ ಆಗಿದ್ದರೆ ನಾನು ಇದನ್ನು ಬೆಳೆಯ ಲಾಭದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಿದ್ದೆ. ಆದರೆ ಉರುಲು ಕಟ್ಟಬೇಕೆಂದಿದ್ದ ಆ ಕಂಡಿಗೆ ಎದುರಾಗಿ ಅನಂತರ ಪೆಟ್ಟಿಗೆಯನ್ನು ಇಟ್ಟು ನೋಡಿದಾಗ ಅಲ್ಲಿ ಹಾದುಹೋದವರು ಯಾರೆಂದು ಬಲ್ಲಿರಾ? ಮರಬೆಕ್ಕು, ಪುನುಗುಬೆಕ್ಕು, ನರಿ, ಮೊಲ, ಒಂದು ಮುಂಜಾವದಲ್ಲಿ ಬರ್ಕ. ಗೆಣಸಿನ ಒಂದು ತುಂಡನ್ನೂ ಮುಟ್ಟದ ಇವುಗಳಲ್ಲಿ ಒಂದರ ಕೊರಳು ಆ ತಂತಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತಪ್ಪು ಮಾಡಿದ ಪ್ರಾಣಿ ಅಗಳದ ದಾರಿಯಿಂದ ಬಂದು ಅಗಳದ ದಾರಿಯಿಂದಲೇ ಹೋಗುತ್ತಿತ್ತು.

ದೊಡ್ಡಪ್ಪ: ನಿನ್ನ ಮಾತಿನ ತಿರುಳು ನನಗೆ ಈಗ ತಿಳಿಯುತ್ತಿದೆ. ಪ್ರಾಣಿಗಳ ಮೇಲೆ ನಾವು ದಿನವೂ ತೀರ್ಪು ಕೊಡುತ್ತಿದ್ದೇವೆ. ಆ ತೀರ್ಪುಗಳಿಗೆ ಸಾಕ್ಷಿಯನ್ನು ಕೇಳುವ ಪದ್ಧತಿ ಇರಲಿಲ್ಲ. ಈ ಯಂತ್ರದಿಂದ ಸಾಕ್ಷಿ ಒದಗಿತು ಎನ್ನುತ್ತೀ. ಒಪ್ಪಿದೆ. ಆದರೆ ಸಾಕ್ಷಿ ಹೇಳುವವನ ಮಾತನ್ನು ನಂಬುವ ಮೊದಲು ಅವನು ಹೇಗೆ ಕಂಡನು, ಎಷ್ಟು ದೂರದಿಂದ ಕಂಡನು, ಕಾಣಬಲ್ಲ ಸ್ಥಿತಿಯಲ್ಲಿ ಇದ್ದನೇ ಎಂದು ವಿಚಾರಿಸಬೇಕಾದದ್ದು ನ್ಯಾಯ. ನಿನ್ನ ಪೆಟ್ಟಿಗೆ ಕತ್ತಲೆಯಲ್ಲಿ ಪ್ರಾಣಿ ಬಂದದ್ದನ್ನು ಅರಿಯುವ ಬಗೆ ಎಂತು?

ಮಗಳು: ಅದರ ಮೋರೆಯಲ್ಲಿ, ಮಸೂರದ ಕೆಳಗಡೆ, ಹಾಲುಬಿಳುಪಿನ ಒಂದು ಉಬ್ಬಿದ ಗಾಜಿದೆಯಲ್ಲ, ನಿಜವಾಗಿ ಅದು ಗಾಜಲ್ಲ, ಪ್ಲಾಸ್ಟಿಕ್ಕು; ಅದರ ಹಿಂದೆ ಶಾಖವನ್ನು ಗ್ರಹಿಸುವ ಒಂದು ಸೆನ್ಸರ್ ಇದೆ. ಬಿಸಿ ಮೈಯುಳ್ಳ ಪ್ರತಿಯೊಂದು ಜೀವಿಯೂ ಅವಕೆಂಪು ಕಿರಣಗಳನ್ನು ಸೂಸುತ್ತಿರುತ್ತದೆ. ಎದುರಿನ ಪ್ರದೇಶವನ್ನು ಆ ಪ್ಲಾಸ್ಟಿಕ್ಕಿನ ಮಸೂರ ಅನೇಕ ಪಟ್ಟಿಗಳಾಗಿ ವಿಂಗಡಿಸುತ್ತದೆ. ಸುತ್ತಣ ನೆಲಕ್ಕಿಂತ ಬಿಸಿಯಾದ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟಿದೊಡನೆ ಸೆನ್ಸರ್ ಎಚ್ಚರಗೊಂಡು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಆದಕಾರಣ ಅದಕ್ಕೆ ಎರಡು ಬೇಕು: ಶಾಖದ ವ್ಯತ್ಯಾಸ, ಮತ್ತು ಚಲನೆ. ಇವೆರಡರಲ್ಲಿ ಒಂದು ಇಲ್ಲವಾದರೂ ಅದು ನಿದ್ರೆಯಲ್ಲಿಯೇ ಇರುತ್ತದೆ. ಎಚ್ಚರವಾದ ಮೇಲೆ, ಹಗಲಾದರೆ ಬಣ್ಣದ ಚಿತ್ರ, ಇರುಳಾದರೆ ತನ್ನದೇ ಅವಕೆಂಪು ದೀಪಗಳನ್ನು ಬೆಳಗಿಸಿ ಕಪ್ಪು ಬಿಳುಪಿನ ಚಿತ್ರ. 850 ನ್ಯಾನೊಮೀಟರಿನ ದೀಪಗಳಾದರೆ ಮಂಕಾದ ಕೆಂಪು ಬಿಂದುಗಳಾಗಿ ನಮ್ಮ ಕಣ್ಣಿಗೂ ಕಾಣಿಸುತ್ತವೆ, ಬೆಳಕೂ ದೂರ ಹೋಗುತ್ತದೆ. 940 ನ್ಯಾನೊಮೀಟರಿನವಾದರೆ ನಮಗೆ ಕಾಣಿಸುವುದೇ ಇಲ್ಲ, ಆದರೆ ಅವುಗಳ ಬೆಳಕು ಅಷ್ಟು ದೂರಕ್ಕೆ ಮುಟ್ಟುವುದಿಲ್ಲ.

ದೊಡ್ಡಪ್ಪ: ಹಾಗಾದರೆ ಒಂದು ಮಾತು. ಭಾಟ್ಟ ಮೀಮಾಂಸಕರೂ ಅದ್ವೈತ ವೇದಾಂತಿಗಳೂ ಅನುಪಲಬ್ಧಿಯೆಂಬ ಪ್ರಮಾಣವನ್ನು ಹೇಳುತ್ತಾರೆ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಜಗಲಿಯ ಮೇಲೆ ಕೊಡ ಕಾಣದಿದ್ದರೆ ಅಲ್ಲಿ ಕೊಡವಿಲ್ಲ ಎಂಬ ಜ್ಞಾನ ನಿಸ್ಸಂದೇಹವಾಗಿ ಉಂಟಾಗುತ್ತದೆ. ಆದರೆ ಆಚಾರ್ಯರು ಅದಕ್ಕೊಂದು ಕಟ್ಟನ್ನೂ ವಿಧಿಸಿದ್ದಾರೆ. ಆ ವಸ್ತುವು ಅಲ್ಲಿ ಇದ್ದಿದ್ದರೆ ಕಾಣಿಸಿಯೇ ತೀರುತ್ತಿತ್ತು ಎಂಬಂಥ ಯೋಗ್ಯತೆ ಇರುವೆಡೆಯಲ್ಲಿ ಮಾತ್ರ ಕಾಣದಿರುವಿಕೆಯು ಪ್ರಮಾಣ. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣಲಿಲ್ಲವೆಂದು ಕೊಡವಿಲ್ಲ ಎಂದು ಹೇಳುವಂತಿಲ್ಲ. ಇದು ಯೋಗ್ಯಾನುಪಲಬ್ಧಿಯ ವಿಚಾರ. ನಿನ್ನ ಪೆಟ್ಟಿಗೆ ಏನನ್ನು ಕಾಣಲು ಯೋಗ್ಯ, ಏನನ್ನು ಕಾಣಲು ಅಯೋಗ್ಯ ಎಂಬುದನ್ನು ನೀನು ವಿಚಾರಿಸಿದ್ದೀಯಾ?

ಮಗಳು: ಈ ವಿದ್ಯೆಯ ಸಾರವೇ ಅದು, ದೊಡ್ಡಪ್ಪ, ಇಷ್ಟು ಸ್ಪಷ್ಟವಾಗಿ ಅದನ್ನು ಹೇಳುವ ಮಾತು ನನಗೆ ಸಿಕ್ಕಿರಲಿಲ್ಲ. ಹಾವು, ಕಪ್ಪೆ, ಓತಿಗಳ ಮೈ ಸುತ್ತಣ ನೆಲದಷ್ಟೇ ಬಿಸಿ ಅಥವಾ ತಣ್ಣಗೆ ಇರುವುದರಿಂದ ಸೆನ್ಸರಿಗೆ ಅವು ಬಹುಮಟ್ಟಿಗೆ ಇಲ್ಲದವೇ ಸರಿ. ಈ ತೋಟದಲ್ಲಿ ನಾಗರಹಾವು ಓಡಾಡುವುದನ್ನು ನಾವೆಲ್ಲರೂ ಬಲ್ಲೆವು. ಕಾರ್ಡಿನಲ್ಲಿ ಒಂದು ಚಿತ್ರವೂ ಇಲ್ಲ. ಬಾವಲಿಗಳು ಹಣ್ಣಡಿಕೆಯನ್ನು ಚೀಪಿ ಉದುರಿಸಿದ್ದನ್ನು ಬೆಳಗ್ಗೆ ಆಯುತ್ತೇವೆ; ಅವೂ ಮೊಣಕಾಲೆತ್ತರದ ಕ್ಯಾಮೆರಾಕ್ಕೆ ಸಿಕ್ಕುವುದಿಲ್ಲ. ಮರದಿಂದ ಮರಕ್ಕೆ ತೇಲಿಹೋಗುವ ಹಾರುಬೆಕ್ಕಿನದೂ ಇದೇ ಕಥೆ. ಬೇಸಗೆಯ ನಡುಹಗಲಿನಲ್ಲಿ ನೆಲವೇ ಪ್ರಾಣಿಯ ಮೈಯಷ್ಟು ಕಾದಿರುವಾಗ ಮುಂಗುಸಿ ಎದುರಿನಲ್ಲಿಯೇ ದಾಟಿದರೂ ಅದು ಎಚ್ಚರಗೊಳ್ಳದೆ ಹೋಗಬಹುದು. ಇದಕ್ಕೆ ವಿಪರ್ಯಯವಾಗಿ, ಬಿಸಿಲಿಗೆ ಕಾದ ಬಾಳೆಯೆಲೆ ಗಾಳಿಗೆ ಅಲುಗಿದರೆ ಏನೂ ಇಲ್ಲದೆಡೆ ನೂರಾರು ಚಿತ್ರಗಳನ್ನು ತೆಗೆದು ಕಾರ್ಡನ್ನು ತುಂಬಿಸುತ್ತದೆ. ಇಲ್ಲದ್ದನ್ನು ಇದೆಯೆನ್ನುವುದೂ ಇದ್ದದ್ದನ್ನು ಇಲ್ಲವೆನ್ನುವುದೂ ಎರಡೂ ಈ ಸಾಕ್ಷಿಯಲ್ಲಿ ಸಾಧ್ಯ.

ದೊಡ್ಡಪ್ಪ: ಹೆಚ್ಚು ಬೆಲೆಯ ಯಂತ್ರವನ್ನು ಕೊಂಡಿದ್ದರೆ ಈ ದೋಷಗಳು ಇರುತ್ತಿರಲಿಲ್ಲವೋ?

ಮಗಳು: ಕಡಿಮೆಯಾಗುತ್ತಿದ್ದವು, ಇಲ್ಲವಾಗುತ್ತಿರಲಿಲ್ಲ. ಶಾಖವನ್ನು ನೋಡಿ ಎಚ್ಚರಗೊಳ್ಳುವ ಕ್ರಮ ಎಲ್ಲಕ್ಕೂ ಒಂದೇ. ಅರಣ್ಯ ಸಂಶೋಧಕರು ಬಳಸುವ ಕ್ಯಾಮೆರಾಗಳ ಬೆಲೆ ಇದರ ಹಲವು ಪಟ್ಟು. ಅವು ಬೇಗ ಎಚ್ಚರಗೊಳ್ಳುತ್ತವೆ, ಮಳೆಗೆ ಜಗ್ಗುವುದಿಲ್ಲ. ಕೆಲವೇ ಸಾವಿರ ರೂಪಾಯಿಗೆ ಸಿಕ್ಕುವ ಇಂಥದರಲ್ಲಿ ಸೆನ್ಸರ್ ಎಚ್ಚರಗೊಂಡದ್ದಕ್ಕೂ ಚಿತ್ರ ಮೂಡಿದ್ದಕ್ಕೂ ನಡುವೆ ಸುಮಾರು ಒಂದು ಸೆಕೆಂಡು ಕಳೆದುಹೋಗಬಹುದು. ಓಡುವ ಮೊಲ ಅಷ್ಟರಲ್ಲಿ ಚೌಕಟ್ಟಿನಿಂದ ಆಚೆಗೆ ಹೋಗಿ, ಬರಿಯ ಹಿಂಗಾಲೋ ಬರಿಯ ಹುಲ್ಲೋ ಚಿತ್ರದಲ್ಲಿ ಉಳಿಯುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಮೆಗಾಪಿಕ್ಸೆಲ್ಲಿನ ದೊಡ್ಡ ಸಂಖ್ಯೆಯನ್ನೂ ನಂಬಬಾರದು. ಚಿಕ್ಕ ಸೆನ್ಸರಿನ ಚಿತ್ರವನ್ನು ಲೆಕ್ಕಾಚಾರದಿಂದ ಹಿಗ್ಗಿಸಿ ಪಡೆದ ಸಂಖ್ಯೆ ಅದು, ಹಿಗ್ಗಿಸಿದ್ದರಿಂದ ಹೊಸ ವಿವರವೇನೂ ಸೇರುವುದಿಲ್ಲ. ಆದರೆ ದೋಷವನ್ನು ಬಲ್ಲವನಿಗೆ ಅಗ್ಗದ ಯಂತ್ರವೂ ಸಾಕು. ಒಂದು ಹಿತ್ತಿಲಿನ ಒಂದು ಹಾದಿಯನ್ನು ನೋಡುವುದಕ್ಕೆ ಬೇಕಾದದ್ದು ಯಂತ್ರದ ವೇಗಕ್ಕಿಂತ ಹೆಚ್ಚಾಗಿ ಅದನ್ನು ನಿಲ್ಲಿಸುವ ಜಾಗದ ಜ್ಞಾನ.

ದೊಡ್ಡಪ್ಪ: ಆ ಜ್ಞಾನ ಎಲ್ಲಿಂದ ಬರಬೇಕು?

ಮಗಳು: ನಿಮ್ಮಂಥವರಿಂದಲೇ ಬರಬೇಕು. ಪ್ರಾಣಿ ತನಗೆ ತೋಚಿದೆಡೆಯಲ್ಲೆಲ್ಲ ನಡೆಯುವುದಿಲ್ಲ. ದಣಪೆಯ ಪಕ್ಕ, ಹಳ್ಳದ ಸಂಕದ ಕೆಳಗೆ, ಅಗಳದ ದಂಡೆ, ಉದುರಿದ ಹಲಸಿನ ಹಣ್ಣು ಕೊಳೆಯುವ ತಾಣ, ಹೀಗೆ ಅದರ ದಾರಿ ನಿಯತವಾಗಿದೆ. ಹಲಸಿನ ಬುಡದಲ್ಲಿ ಕಟ್ಟು ಎಂದವರು ನೀವೇ ಅಲ್ಲವೆ? ಜಾಗ ಗೊತ್ತಾದ ಮೇಲೆ ಉಳಿದದ್ದು ಕ್ರಮ. ಸೂರ್ಯನ ಎಳೆಬಿಸಿಲು ಮಸೂರದೊಳಕ್ಕೆ ಬೀಳದಂತೆ ಅದರ ಮುಖವನ್ನು ಉತ್ತರಕ್ಕೋ ದಕ್ಷಿಣಕ್ಕೋ ಮಾಡಬೇಕು. ಮರಬೆಕ್ಕು, ಮುಂಗುಸಿಗಳಂಥ ಗಿಡ್ಡ ಪ್ರಾಣಿಗಳಿಗಾಗಿ ಮೊಣಕಾಲಿನ ಎತ್ತರಕ್ಕೆ ಕಟ್ಟಬೇಕು. ಪ್ರಾಣಿ ನೇರವಾಗಿ ಎದುರಿಗೆ ಬರುವ ಬದಲು ಅಡ್ಡಲಾಗಿ ದಾಟುವಂತೆ ಕೋನವನ್ನು ಹಿಡಿಯಬೇಕು. ಪಟ್ಟಿಯಿಂದ ಪಟ್ಟಿಗೆ ದಾಟಿದರಲ್ಲವೆ ಸೆನ್ಸರಿಗೆ ತಿಳಿಯುವುದು? ಎದುರಿನ ಹುಲ್ಲನ್ನೂ ತೂಗಾಡುವ ಎಲೆಯನ್ನೂ ಮಾತ್ರ ಸವರಬೇಕು. ಮತ್ತೆ, ಗಡಿಯಾರ ಹೊಂದಿಸದೆ ಕಟ್ಟಬಾರದು. ತಪ್ಪಿದ ಹೊತ್ತನ್ನು ಅಚ್ಚೊತ್ತಿದ ಚಿತ್ರ ಸುಳ್ಳುಸಾಕ್ಷಿಯೇ ಸರಿ.

ದೊಡ್ಡಪ್ಪ: ನಮ್ಮ ಮಳೆಗಾಲವನ್ನು ಅದು ತಾಳಿಕೊಳ್ಳುತ್ತದೆಯೆ? ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹತ್ತುವ ಊರು ಇದು.

ಮಗಳು: ಅದೇ ಕಷ್ಟ. ಬಾಗಿಲಿನ ಸುತ್ತಣ ರಬ್ಬರಿನ ಉಂಗುರದಲ್ಲಿ ಒಂದು ಮಣ್ಣಿನ ಕಣ ಕೂತರೂ ತೇವ ಒಳಕ್ಕೆ ಇಳಿದು ಮಸೂರದ ಮೇಲೆ ಮಬ್ಬಾಗಿ ನಿಲ್ಲುತ್ತದೆ; ಅದಕ್ಕಾಗಿ ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಇಟ್ಟು, ಆಗಾಗ ಬದಲಿಸಬೇಕು. ಇರುವೆಗಳು ಒಳಹೊಕ್ಕು ಮೊಟ್ಟೆಯಿಡದಂತೆಯೂ ನೋಡಿಕೊಳ್ಳಬೇಕು. ಸೆಲ್ಲುಗಳ ಖರ್ಚೂ ಅಷ್ಟೇ: ಹಗಲಿನ ಚಿತ್ರಗಳಿಗೆ ಬಹುಕಾಲ ಬರುವ ಸೆಲ್ಲು, ಇರುಳಿನಲ್ಲಿ ದೀಪ ಹೊತ್ತಿಸಿ ಚಲನಚಿತ್ರ ತೆಗೆಯತೊಡಗಿದರೆ ಬೇಗನೆ ಸೋಲುತ್ತದೆ. ಸೋಲುವ ಸೆಲ್ಲಿನ ಮೊದಲನೆಯ ಲಕ್ಷಣವೆಂದರೆ ಇರುಳಿನ ಚಿತ್ರಗಳು ಕಪ್ಪಾಗುವುದು. ಹಗಲಿನವು ಆಗಲೂ ಚೆನ್ನಾಗಿಯೇ ಬರುತ್ತಿರುತ್ತವೆ. ಇದನ್ನು ತಿಳಿಯದವನು ಪ್ರಾಣಿಗಳು ಬರುವುದನ್ನೇ ನಿಲ್ಲಿಸಿದುವೆಂದು ತಿಳಿಯುವನು.

ದೊಡ್ಡಪ್ಪ: ಮತ್ತೆ ಯೋಗ್ಯಾನುಪಲಬ್ಧಿ! ಇರಲಿ. ಈ ವಿದ್ಯೆ ಯಾವಾಗಿನದು? ಹೊಸದೇ, ಅಥವಾ ಇದಕ್ಕೂ ಪೂರ್ವಾಚಾರ್ಯರು ಇದ್ದಾರೆಯೆ?

ಮಗಳು: ಇದ್ದಾರೆ. ಅಮೆರಿಕದ ಜಾರ್ಜ್ ಶೈರಸ್ ಎಂಬವರು ಮಿಷಿಗನ್ನಿನ ಕಾಡುಗಳಲ್ಲಿ ಇರುಳು ಹೊತ್ತು ದೋಣಿಯಲ್ಲಿ ಕುಳಿತೂ, ಪ್ರಾಣಿಯೇ ಎಳೆದು ಬಿಡುವ ದಾರವನ್ನು ಕಟ್ಟಿಯೂ ಚಿತ್ರಗಳನ್ನು ತೆಗೆದರು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವುಗಳಲ್ಲಿ 74ನ್ನು ಅಚ್ಚು ಮಾಡಿತು. ನಮ್ಮ ದೇಶದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ, ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಹುಲಿಯ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿ ಅದನ್ನು ತುಳಿದೊಡನೆ ಬೆಳಕು ಹೊತ್ತಿ ಚಿತ್ರ ಮೂಡುವಂತೆ ಮಾಡಿದರು. ಉಳಿದ ಅಧಿಕಾರಿಗಳು ಕೋವಿಯಿಂದ ಹುಲಿಯನ್ನು ಅರಸುತ್ತಿದ್ದ ಆ ಕಾಲದಲ್ಲಿ ಅವರು ಕ್ಯಾಮೆರಾದಿಂದ ಅರಸಿ, 1927ರಲ್ಲಿ ಆ ಚಿತ್ರಗಳ ಪುಸ್ತಕವನ್ನು ಪ್ರಕಟಿಸಿದರು. ಅದೇ ತಂತಿ, ಅದೇ ದಾರಿ; ಒಂದರ ತುದಿಯಲ್ಲಿ ಉರುಲು, ಇನ್ನೊಂದರ ತುದಿಯಲ್ಲಿ ಜ್ಞಾನ.

ದೊಡ್ಡಪ್ಪ: ನಮ್ಮ ನಾಡಿನವರು?

ಮಗಳು: ನಮ್ಮ ನಾಡಿನವರ ಪಾಲು ದೊಡ್ಡದು. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಇಂಥ ಕ್ಯಾಮೆರಾಗಳನ್ನು ಕಟ್ಟಿ, ಒಂದೊಂದು ಹುಲಿಯ ಪಟ್ಟೆಯೂ ಬೇರೆಯಾದ್ದರಿಂದ ಯಾವ ಹುಲಿ ಎಷ್ಟು ಸಲ ಮರಳಿ ಸಿಕ್ಕಿತೆಂಬುದನ್ನು ಗುರುತಿಸಿ, ಅದರಿಂದ ಸಿಕ್ಕದ ಹುಲಿಗಳನ್ನೂ ಸೇರಿಸಿ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಅಂದರೆ, ನೀವು ಹೇಳಿದ ಪ್ರಶ್ನೆಯನ್ನೇ ಅವರು ಗಣಿತದಿಂದ ಕೇಳಿದರು: ಕಾಣದವು ಎಷ್ಟಿರಬಹುದು? ಈ ಕ್ರಮವೇ ಬೆಳೆದು, 2018ರ ರಾಷ್ಟ್ರೀಯ ಹುಲಿಗಣತಿಯಲ್ಲಿ 26,838 ತಾಣಗಳಲ್ಲಿ ಕ್ಯಾಮೆರಾಗಳನ್ನು ಇಟ್ಟರು; 3 ಕೋಟಿ 48 ಲಕ್ಷಕ್ಕೂ ಹೆಚ್ಚು ಚಿತ್ರಗಳು ಬಂದವು. ಅವುಗಳಲ್ಲಿ ಹುಲಿಯ ಚಿತ್ರಗಳು 76,651. ಆದರೆ ಅಷ್ಟು ಚಿತ್ರಗಳಲ್ಲಿ ಇದ್ದ ಬೇರೆ ಬೇರೆ ಹುಲಿಗಳು 2,461.

ದೊಡ್ಡಪ್ಪ: ಚಿತ್ರದ ಸಂಖ್ಯೆ ಬೇರೆ, ಪ್ರಾಣಿಯ ಸಂಖ್ಯೆ ಬೇರೆ ಎಂದಾಯಿತು.

ಮಗಳು: ಹಿತ್ತಿಲಿನಲ್ಲಿ ಅದನ್ನು ಇನ್ನೂ ಹೆಚ್ಚು ನೆನಪಿಡಬೇಕು. ಮರಬೆಕ್ಕಿಗೆ ಹುಲಿಯ ಪಟ್ಟೆಯಿಲ್ಲ. ಒಂದೇ ಇರುಳಿನಲ್ಲಿ ಅದು ಹತ್ತು ಸಲ ಕಾಣಿಸಿದರೆ, ಹತ್ತು ಬೆಕ್ಕುಗಳು ಬಂದವೋ ಒಂದೇ ಹತ್ತು ಸಲ ಸುಳಿಯಿತೋ ಹೇಳುವಂತಿಲ್ಲ. ಜಾತಿಯನ್ನಾದರೂ ತಪ್ಪದೆ ಹೇಳಬೇಕು. ಈ ಎರಡು ಚಿತ್ರಗಳನ್ನು ಹತ್ತಿರದಿಂದ ನೋಡಿ. ಇದರ ಬೆನ್ನಿನ ಮೇಲೆ ಉದ್ದುದ್ದ ಗೆರೆಗಳಿವೆ, ಪಕ್ಕೆಯಲ್ಲಿ ಸಾಲುಸಾಲಾಗಿ ಚುಕ್ಕೆಗಳಿವೆ, ಬಾಲದಲ್ಲಿ ಕಪ್ಪು ಬಿಳುಪಿನ ಬಳೆಗಳಿವೆ. ಇದು ಪುನುಗುಬೆಕ್ಕು, ನೆಲದಲ್ಲಿಯೇ ಅಡ್ಡಾಡಿ ಇಲಿ, ಹುಳುಹುಪ್ಪಟೆಗಳನ್ನು ಹಿಡಿಯುವಂಥದು. ಇನ್ನೊಂದರ ಬಾಲವನ್ನು ನೋಡಿ: ಉದ್ದಕ್ಕೂ ಕಪ್ಪು, ಬಳೆಯೇ ಇಲ್ಲ, ಕಣ್ಣಿನ ಸುತ್ತ ಕಪ್ಪು, ಅದರ ಪಕ್ಕದಲ್ಲಿ ಬಿಳಿಯ ಮಚ್ಚೆ. ಇದು ಮರಬೆಕ್ಕು.

ದೊಡ್ಡಪ್ಪ: ಬಂಡೆಯ ಮೇಲೆ ಬೈನೆ ಬೀಜದ ಹಿಕ್ಕೆ ಹಾಕುವುದು ಇದೇ. ಇದರ ಹೊಟ್ಟೆಯನ್ನು ಹಾದುಬಂದ ಬೀಜದಿಂದ ಮೊಳೆತ ಬೈನೆ ಮರಗಳು ನಮ್ಮ ಬೆಟ್ಟದಲ್ಲಿ ಎಷ್ಟೋ. ಬಾಳೆಗೊನೆಯ ಒಂದೆರಡು ಹಣ್ಣನ್ನು ಅದು ತಿಂದರೆ ನಮ್ಮ ಹಿರಿಯರು ಸಿಟ್ಟಾಗುತ್ತಿರಲಿಲ್ಲ.

ಮಗಳು: ನೋಡಿ, ಇದನ್ನು ಕ್ಯಾಮೆರಾ ಹೇಳಲಾರದು. ಅದು ಬೆಕ್ಕು ಬಂದದ್ದನ್ನು ಹೇಳುತ್ತದೆ. ಬೆಕ್ಕಿನಿಂದ ಬೆಟ್ಟಕ್ಕೆ ಏನಾಗುತ್ತದೆಂಬುದನ್ನು ಹೇಳಬೇಕಾದವರು ನೀವು. ಅದಕ್ಕಾಗಿಯೇ ನಾನು ಒಂದು ಪುಸ್ತಕ ಇಟ್ಟಿದ್ದೇನೆ: ದಿನಾಂಕ, ಹೊತ್ತು, ಪ್ರಾಣಿ, ಮಳೆ ಬಂದಿತ್ತೇ, ಯಾವ ಹಣ್ಣು ಉದುರುತ್ತಿತ್ತು, ಜೊತೆಗೆ ಪಂಚಾಂಗವನ್ನು ನೋಡಿ ತಿಥಿಯನ್ನೂ ಬರೆಯುತ್ತೇನೆ.

ದೊಡ್ಡಪ್ಪ: ತಿಥಿಯೇಕೆ?

ಮಗಳು: ಮುಳ್ಳುಹಂದಿಗೆ ಬೆಳುದಿಂಗಳು ಒಗ್ಗದು. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ನಮ್ಮ ಈ ಜಾತಿಯ ಮುಳ್ಳುಹಂದಿಯೇ ಇದೆ. ಬೆಳುದಿಂಗಳಿನಲ್ಲಿ ಅದು ಬಯಲಿನಲ್ಲಿ ತಿರುಗಾಡುವುದನ್ನು ಕಡಿಮೆ ಮಾಡುತ್ತದೆಂದು ಸಂಶೋಧಕರು 1988ರಲ್ಲಿ ಪ್ರಕಟಿಸಿದ್ದಾರೆ. ಇಲ್ಲಿಯೂ ಹಾಗೆಯೇ ಎಂದು ತಿಳಿಯುವ ಕುತೂಹಲದಿಂದ ತಿಥಿಯನ್ನು ಬರೆಯತೊಡಗಿದೆ.

ದೊಡ್ಡಪ್ಪ: ಕೊಡು ಇಲ್ಲಿ ಆ ಪುಸ್ತಕವನ್ನು. ಶುಕ್ಲಪಕ್ಷದ ಪಂಚಮಿ, ಷಷ್ಠಿ, ಸಪ್ತಮಿಗಳಲ್ಲಿ ಚಂದ್ರ ಮುಳುಗುವುದು ನಡುರಾತ್ರಿಯ ಒಳಗೆ ಅಥವಾ ಅದರ ಆಸುಪಾಸಿಗೆ. ಇಲ್ಲಿ ಬರೆದಿರುವ ಹೊತ್ತುಗಳು ಅನಂತರದವು. ಕೃಷ್ಣಪಕ್ಷದ ಸಪ್ತಮಿ, ಅಷ್ಟಮಿಗಳಲ್ಲಿ ಚಂದ್ರೋದಯ ನಡುರಾತ್ರಿಯ ಹೊತ್ತಿಗೆ. ಇಲ್ಲಿಯ ಹೊತ್ತುಗಳು ಅದಕ್ಕಿಂತ ಮೊದಲಿನವು. ಹುಣ್ಣಿಮೆಯ ಎರಡು ಕಡೆಯ ಸಾಲುಗಳು ಖಾಲಿ. ಇವು ಚಂದ್ರನ ಉದಯಾಸ್ತಗಳನ್ನು ನೋಡಿಕೊಂಡು ಹೊರಡುತ್ತವೆಂಬುದು ಈ ಪುಟದಲ್ಲಿ ಎದ್ದುಕಾಣುತ್ತಿದೆಯಲ್ಲ!

ಮಗಳು: ಕಾಣುತ್ತಿದೆ. ಆದರೂ ಒಂದೇ ಹಿತ್ತಿಲಿನ ಲೆಕ್ಕದಿಂದ ಸಿದ್ಧಾಂತವನ್ನು ಕಟ್ಟಲಾಗದು. ಹುಣ್ಣಿಮೆಯಂದು ಅವು ಬರಲಿಲ್ಲವೋ, ಅಥವಾ ಬೆಳಕಿಗೆ ಅಂಜಿ ಮರದ ನೆರಳಿನ ಬೇರೊಂದು ದಾರಿಯಿಂದ ಬಂದವೋ? ಕ್ಯಾಮೆರಾ ಇರುವುದು ಒಂದೇ ದಾರಿಯಲ್ಲಿ.

ದೊಡ್ಡಪ್ಪ: ಒಳ್ಳೆಯ ಸಂದೇಹ. ಈ ಸಂದೇಹವನ್ನು ಇಟ್ಟುಕೊಂಡವನು ಕೊನೆಯವರೆಗೂ ವಿದ್ಯಾರ್ಥಿಯಾಗಿ ಉಳಿಯುತ್ತಾನೆ. ಈಗ ನನ್ನ ಮನಸ್ಸಿನಲ್ಲಿರುವ ಇನ್ನೊಂದು ಅಳುಕನ್ನು ಹೇಳುತ್ತೇನೆ. ತನ್ನನ್ನು ಯಾರೋ ನೋಡುತ್ತಿದ್ದಾರೆಂಬ ಅರಿವಿಲ್ಲದ ಜೀವಿಯನ್ನು ಅಡಗಿ ನೋಡುವುದು ಧರ್ಮವೇ? ಪ್ರಾಣಿಯ ಮಾತು ಹಾಗಿರಲಿ. ನಮ್ಮ ತೋಟದ ಕಾಲುದಾರಿಯಲ್ಲಿ ನಸುಕಿನಲ್ಲಿ ಜನರೂ ಓಡಾಡುತ್ತಾರೆ.

ಮಗಳು: ಜನರ ವಿಷಯದಲ್ಲಿ ನನಗೆ ಎರಡನೆಯ ಮಾತಿಲ್ಲ. ಹಳ್ಳಕ್ಕೆ ಹೋಗುವ ಹೆಂಗಸರ ದಾರಿಗೆ ಈ ಪೆಟ್ಟಿಗೆ ಎಂದೂ ಮುಖ ಮಾಡಬಾರದು. ಕಾರ್ಬೆಟ್ ಅರಣ್ಯದ ಅಂಚಿನ ಹಳ್ಳಿಗಳ ಹೆಂಗಸರು ಸೌದೆಗೆಂದು ಕಾಡಿಗೆ ಹೋದಾಗ ಅಲ್ಲಿನ ಕ್ಯಾಮೆರಾಗಳಿಗೆ ಅಂಜಿ ತಮ್ಮ ಮಾತನ್ನೂ ಹಾಡನ್ನೂ ತಗ್ಗಿಸಿಕೊಂಡಿದ್ದಾರೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಕಾಡಿನಲ್ಲಿ ಮಾತನಾಡುತ್ತ ಹಾಡುತ್ತ ಹೋಗುವುದು ಕಾಡುಮೃಗ ಎದುರಾಗದಂತೆ ಮಾಡಿಕೊಳ್ಳುವ ಎಚ್ಚರವೂ ಹೌದು. ಆದ್ದರಿಂದ ನಮ್ಮದೇ ಹಿತ್ತಿಲಿನಲ್ಲಿಯೂ ಇಂಥಲ್ಲಿ ಕ್ಯಾಮೆರಾ ಇದೆಯೆಂದು ಬಂದುಹೋಗುವವರಿಗೆಲ್ಲ ಮೊದಲೇ ಹೇಳಿದ್ದೇನೆ. ತಪ್ಪಿ ಯಾರಾದರೂ ಚಿತ್ರದಲ್ಲಿ ಬಂದರೆ ಅದನ್ನು ಅಳಿಸುತ್ತೇನೆ. ಅರಣ್ಯ ಇಲಾಖೆಯ ನೆಲದಲ್ಲಾದರೋ ಅನುಮತಿಯಿಲ್ಲದೆ ಕಟ್ಟುವಂತೆಯೇ ಇಲ್ಲ.

ದೊಡ್ಡಪ್ಪ: ಪ್ರಾಣಿಗಳ ವಿಷಯದಲ್ಲಿ?

ಮಗಳು: ಅಲ್ಲಿಯೂ ಕಟ್ಟುಪಾಡುಗಳಿವೆ. ಚಿತ್ರದ ಆಸೆಗಾಗಿ ಅನ್ನವನ್ನೋ ಹಣ್ಣನ್ನೋ ಮೀನನ್ನೋ ಇಟ್ಟು ಕರೆಯಬಾರದು. ಹಾಗೆ ಬಂದ ಪ್ರಾಣಿ ತನ್ನ ದಾರಿಯಲ್ಲಿ ಬಂದದ್ದಲ್ಲ, ನಮ್ಮ ಆಮಿಷದಿಂದ ಬಂದದ್ದು. ಅದರ ಹೊತ್ತು, ದಾರಿ, ಸಂಖ್ಯೆ ಯಾವುದೂ ನಿಜವಾಗುವುದಿಲ್ಲ. ಅಷ್ಟೇ ಅಲ್ಲ, ಮನೆಯ ಬಾಗಿಲಿಗೆ ಬರುವ ಅಭ್ಯಾಸ ಅದಕ್ಕೆ ಹತ್ತಿದರೆ ನಾಯಿಯ ಬಾಯಿಗೋ ಬೈಕಿನ ಚಕ್ರಕ್ಕೋ ಅದು ಸಿಕ್ಕುತ್ತದೆ. ಕಾರ್ಡನ್ನು ತರುವ ನೆವದಲ್ಲಿ ದಿನಕ್ಕೆ ಎರಡು ಸಲ ಅಲ್ಲಿ ಸುಳಿದು ನಮ್ಮ ವಾಸನೆಯನ್ನು ಬಿಟ್ಟುಬರಬಾರದು. ಬಿಲದ ಬಾಯಿಗೆ, ಮರಿಯಿರುವ ಪೊಟರೆಗೆ ಎದುರಾಗಿ ಕಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸಿಕ್ಕಿದ ಚಿತ್ರವನ್ನು ಒಡನೆಯೇ ಊರಿನ ವಾಟ್ಸಾಪ್ ಗುಂಪಿಗೆ ಹಾಕಬಾರದು. ಚಿಪ್ಪುಹಂದಿಯ ಚಿತ್ರದೊಂದಿಗೆ ಊರಿನ ಹೆಸರು ಹೊರಬಿದ್ದರೆ, ಅದರ ಚಿಪ್ಪಿಗಾಗಿ ಕಾದಿರುವವರಿಗೆ ನಾವೇ ದಾರಿ ತೋರಿಸಿದಂತೆ. ಚಿರತೆ ಹಾದುಹೋದದ್ದು ಕಂಡರೆ ನೆರೆಯವರಿಗೆ ಎಚ್ಚರ ಹೇಳಬೇಕು, ಸಂಜೆಯ ಮೇಲೆ ಮಕ್ಕಳು ಒಬ್ಬೊಬ್ಬರೇ ಹೋಗದಿರಲಿ, ಕರುಗಳನ್ನು ಕೊಟ್ಟಿಗೆಯ ಒಳಗೆ ಕಟ್ಟಲಿ ಎಂದು ಹೇಳಬೇಕು, ಅರಣ್ಯ ಇಲಾಖೆಗೂ ತಿಳಿಸಬೇಕು. ಆದರೆ ಭಯವನ್ನು ಬಿತ್ತುವ ಚಿತ್ರವನ್ನು ಹಂಚಿ ಜನ ಗುಂಪುಗೂಡುವಂತೆ ಮಾಡಬಾರದು.

ದೊಡ್ಡಪ್ಪ: ಈ ನಿಯಮಗಳನ್ನು ಕೇಳಿದ ಮೇಲೆ ನನ್ನ ಮೊದಲಿನ ಪ್ರಶ್ನೆಗೆ ನಾನೇ ಉತ್ತರ ಹೇಳಬಲ್ಲೆನೆಂದು ತೋರುತ್ತದೆ. ಗುರುತನ್ನು ಓದುವ ವಿದ್ಯೆಗೂ ಈ ಯಂತ್ರಕ್ಕೂ ವಿರೋಧವಿಲ್ಲ. ಗುರುತು ಕಾರಣವನ್ನು ಊಹಿಸುತ್ತದೆ, ಚಿತ್ರ ಆ ಊಹೆಯನ್ನು ಪರೀಕ್ಷಿಸುತ್ತದೆ, ಚಿತ್ರಕ್ಕೆ ಕಾಣದ್ದನ್ನು ಮತ್ತೆ ಗುರುತು ತುಂಬಿಕೊಡುತ್ತದೆ. ಎರಡನ್ನೂ ಒಂದೆಡೆ ಇಟ್ಟುಕೊಂಡವನಿಗೆ, ತಾನು ನಿದ್ರಿಸುತ್ತಿರುವಾಗ ತನ್ನದೆಂದು ತಿಳಿದಿದ್ದ ನೆಲದಲ್ಲಿ ಇನ್ನೆಷ್ಟು ಬಾಳುಗಳು ತಮ್ಮ ತಮ್ಮ ಹೊತ್ತನ್ನೂ ದಾರಿಯನ್ನೂ ಹಸಿವನ್ನೂ ಹಿಡಿದು ನಡೆಯುತ್ತಿವೆ ಎಂಬುದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಗೊತ್ತಿಲ್ಲದವನ ಹಾಗೆ ನಡೆದುಕೊಳ್ಳುವ ಹಕ್ಕು ಅವನಿಗೆ ಉಳಿಯುವುದಿಲ್ಲ. ತಿಳಿಯದೆ ಕಟ್ಟಿದ ಉರುಲಿಗೂ ತಿಳಿದು ಕಟ್ಟಿದ ಉರುಲಿಗೂ ಪಾಪದಲ್ಲಿ ವ್ಯತ್ಯಾಸವಿದೆ.

ಮಗಳು: ಹಾಗಾದರೆ ಗೊತ್ತಾದದ್ದರಿಂದ ನಾವು ಏನು ಮಾಡಬೇಕು, ದೊಡ್ಡಪ್ಪ?

ದೊಡ್ಡಪ್ಪ: ಕೈಗೆ ಎಟುಕುವುದನ್ನು ಮಾಡೋಣ. ಮೇಲಿನ ಬೇಲಿಯ ಕಂಡಿಯನ್ನು ಮುಚ್ಚಿಸಬೇಕೆಂದು ನಿನ್ನ ಅಪ್ಪ ಹೇಳುತ್ತಿದ್ದ. ಅದನ್ನು ಹಾಗೆಯೇ ಬಿಡುವಂತೆ ನಾನು ಅವನಿಗೆ ಹೇಳುತ್ತೇನೆ, ಬೆಟ್ಟದಿಂದ ಹಳ್ಳಕ್ಕೆ ಇಳಿಯಲು ಅವುಗಳಿಗಿರುವ ದಾರಿ ಅದೊಂದೇ. ಬಲೆಯ ರಕ್ಷಣೆ ಮಡಿಗಳಿಗೆ ಇರಲಿ, ಇಡೀ ಹಿತ್ತಿಲಿಗೆ ಬೇಡ. ಹಿಂಬಾಗಿಲಿನ ದೀಪವನ್ನು ಇರುಳೆಲ್ಲ ಉರಿಸುವುದನ್ನು ನಿಲ್ಲಿಸೋಣ. ಇನ್ನೊಂದು: ನಿನ್ನ ಪುಸ್ತಕದಲ್ಲಿ ಎಡಗಡೆಯ ಪುಟವನ್ನು ನನಗೆ ಖಾಲಿ ಬಿಡು. ಬೆಳಗ್ಗೆ ನೀನು ಕಾರ್ಡನ್ನು ತೆಗೆದು ನೋಡುವ ಮೊದಲೇ ನಾನು ಹೋಗಿ ಹೆಜ್ಜೆ, ಹಿಕ್ಕೆ, ಕಡಿದ ಗುರುತುಗಳನ್ನು ನೋಡಿ ಯಾರು ಬಂದಿದ್ದರೆಂದು ಅಲ್ಲಿ ಬರೆಯುತ್ತೇನೆ. ನಿನ್ನ ಕ್ಯಾಮೆರಾ ಹೇಳಿದ್ದನ್ನು ನೀನು ಬಲಗಡೆಯಲ್ಲಿ ಬರೆ. ಎರಡೂ ಕೂಡಿಬಂದಲ್ಲಿ ನಿಶ್ಚಯ. ಕೂಡಿಬಾರದ ಕಡೆ ಇಬ್ಬರೂ ಮತ್ತೊಮ್ಮೆ ನೆಲವನ್ನು ನೋಡಿಬರೋಣ. ಶಾಲೆಗೆ ರಜೆ ಬಂದಾಗ ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಅವರ ಕಾಲಕ್ಕೆ ಈ ಊರಿನಲ್ಲಿ ಒಂದು ಮಡಿ ಹಾಳಾದರೆ, ಉರುಲನ್ನು ಹುಡುಕುವ ಮೊದಲು ಗುರುತನ್ನು ಹುಡುಕುವವರು ನಾಲ್ಕು ಜನರಾದರೂ ಇರಬೇಕು.